ಹಗೇವಿಗೆ ಇಳಿಬಿಟ್ಟ ದೀಪ

ಪರದೇಶದ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ, ಒಳಗಿನ ಗಾಳಿಯನ್ನು ಮೀಟರಿನಲ್ಲಿ ನೋಡಿ, ಟ್ಯಾಂಕಿಗೆ ಇಳಿಯುವವರನ್ನು ಮೇಲೆ ನಿಂತು ಕಾಯುವುದು ನನ್ನ ಕೆಲಸ. ಇವತ್ತು ಮುಚ್ಚಳ ತೆಗೆದಾಗ ಬಂದ ಮುಗ್ಗಲು ವಾಸನೆಗೆ ಊರಿನ ಹಗೇವು ನೆನಪಾಯಿತು. ಅದು ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಕೆಟ್ಟ ಗಾಳಿ ಇದೆಯೇ ಎಂದು ತಿಳಿಯಲು ಅಜ್ಜ ಮೊದಲು ದೀಪ ಇಳಿಬಿಡುತ್ತಿದ್ದ. ಅದು ಆರದಿದ್ದರೆ, ಮಕ್ಕಳನ್ನು ತಡೆದು ತಾನೇ ಇಳಿಯುತ್ತಿದ್ದ. ವಯಸ್ಸಾಗಿ ಅವನ ಕಣ್ಣು ಮಂಜಾಗಿತ್ತು; ಒಂದು ದಿನ ದೀಪ ಇಳಿಬಿಟ್ಟು ನನ್ನನ್ನು ಕೇಳಿದ.

“ದೀಪ ಉರಿಯಾಕತ್ತೈತೇನ ಯವ್ವಾ?”

“ಹೂಂ ಅಜ್ಜಾ.”

ಆಟದ ಅವಸರದಲ್ಲಿ ನಾನು ಬಗ್ಗಿ ನೋಡಿರಲೇ ಇಲ್ಲ.

ಒಳಗೆ ಕುಸಿದವನನ್ನು ಅಪ್ಪ, ಕಾಕಾ ಹಗ್ಗ ಹಾಕಿ ಎಳೆದರು. ಅಜ್ಜ ಬದುಕಿದ, ಆದರೆ ಮತ್ತೆ ಹೊಲಕ್ಕೆ ಹೋಗಲಿಲ್ಲ.

“ನಾನಽ ಸರಿಯಾಗಿ ನೋಡಲಿಲ್ಲ,” ಎಂದು ಸಾಯುವವರೆಗೂ ಎಲ್ಲರಿಗೂ ಹೇಳಿದ. ನಾನು ಸುಮ್ಮನಿದ್ದೆ.

“ಗ್ಯಾಸ್ ಮೀಟರ್ ಓಕೆ ತಾನೇ? ಬೇಗ ಹೇಳಮ್ಮ, ಲೇಟ್ ಆಗ್ತಿದೆ,” ಎಂದರು ಟ್ಯಾಂಕಿನ ಬಳಿ ನಿಂತಿದ್ದ ಬೆಂಗಳೂರಿನ ಸೂಪರ್‌ವೈಸರ್.

“ಇನ್ನೊಂದ್ಸಲ ನೋಡ್ತೀನಿ ಅಂಕಲ್.”