ಗಾಳಿಗೆ ಬಿಟ್ಟ ದೂರ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ನದಿ ಸಮುದ್ರ ಸೇರುವಲ್ಲಿ ಜನರನ್ನು ದಾಟಿಸುವ ಲಾಂಚು ದಡ ಬಿಟ್ಟಿದೆ. ಹೋಗಬೇಕಾದದ್ದು ಎದುರಿನ ಜೆಟ್ಟಿಗೆ. ಮೂತಿ ಮಾತ್ರ ಬಹಳ ಎಡಕ್ಕಿರುವ ಹಳೆಯ ಕಾರ್ಖಾನೆಯ ಚಿಮಣಿಯ ಕಡೆಗಿದೆ. ಹೊಸಬರೊಬ್ಬರು ಗಾಬರಿಯಿಂದ, "ದಾರಿ ತಪ್ಪಿತಾ?" ಎನ್ನುತ್ತಾರೆ.

"ಕೂತ್ಕೊಳ್ಳಿ ಸ್ವಾಮಿ. ಮಿಕ್ಕಿದ್ದು ಗಾಳಿ ನೋಡ್ಕೊಳ್ಳುತ್ತೆ," ಎನ್ನುತ್ತಾರೆ ಮಗಳ ಜೊತೆ ಚುಕ್ಕಾಣಿ ಹಿಡಿದ ಹಿರಿಯರು. ಲಾಂಚು ಓರೆಯಾಗಿ ಸರಿಯುತ್ತ ಸರಿಯುತ್ತ ಜೆಟ್ಟಿಗೇ ಬಂದು ನಿಲ್ಲುತ್ತದೆ.

ಊರಿಗೆಲ್ಲ ಇವರು 'ಲೀವೇ ತಾತ'. ಹಡಗಿನಲ್ಲಿ ದುಡಿದ ಅಪ್ಪ ಮನೆಗೆ ತಂದ ಆಸ್ತಿಯೆಂದರೆ ಒಂದು ತಗಡಿನ ಪೆಟ್ಟಿಗೆ ಮತ್ತು ಈ ಇಂಗ್ಲಿಷ್ ಪದ. ಗಾಳಿಯ ಹೊಡೆತಕ್ಕೆ ಹಡಗು ಪಕ್ಕಕ್ಕೆ ಎಷ್ಟು ಜಾರುತ್ತದೋ ಅದೇ ಲೀವೇ. ಅಷ್ಟು ದೂರವನ್ನು ಗಾಳಿ ಬರುವ ಕಡೆಗೆ ಮೊದಲೇ ಬಿಟ್ಟು ಗುರಿಯಿಡಬೇಕು. ಹರೆಯದ ಹುಮ್ಮಸ್ಸಿನಲ್ಲಿ ತಾತ ಮೊದಲ ಸಲ ನೇರ ಜೆಟ್ಟಿಗೇ ಗುರಿಯಿಟ್ಟು ಪಕ್ಕದ ಕೆಸರಿನಲ್ಲಿ ಹೂತುಕೊಂಡರಂತೆ. ಜನ ಚಪ್ಪಲಿ ಕೈಯಲ್ಲಿ ಹಿಡಿದು, ಬಾಯಿಗೆ ಬಂದದ್ದು ಬೈದು ಇಳಿದರು.

"ಅಪ್ಪ ಮಾತ್ರ ಬೈಲಿಲ್ಲ. ಮುಂದಿನ ಟ್ರಿಪ್ಪೂ ನೀನೇ ಅಂದ್ರು," ಎನ್ನುತ್ತಾರೆ ತಾತ.

ಮನೆಯಲ್ಲಿ ಆ ಪದ ಕಡಲಿಗಷ್ಟೇ ಸೀಮಿತವಾಗಿರಲಿಲ್ಲ. ಬೆಳೆಯುವ ಮಗಳ ಲಂಗ ಹೊಲಿಯುವಾಗ ಹೆಂಡತಿ ಅಂಚಿನಲ್ಲಿ ಮಡಚಿಟ್ಟ ಬಟ್ಟೆಯೂ ಲೀವೇಯೇ. ಮಗಳು ಆಫೀಸು ಸೇರಿದ ಮೇಲೆ ಮೇಲಧಿಕಾರಿ, "ಈ ಕೆಲಸಕ್ಕೆ ಎರಡು ದಿನ ಲೀವೇ ಕೊಡ್ತೀನಿ," ಎಂದರಂತೆ. "ನಮ್ಮನೆ ಮಾತು ಇವರಿಗೆ ಯಾರು ಹೇಳಿದ್ರು ಅನ್ಕೊಂಡೆ," ಎಂದು ಆಕೆ ಈಗಲೂ ನಗುತ್ತಾರೆ. ಇಂಗ್ಲಿಷಿನವರು ಆ ಪದವನ್ನು ಎಂದೋ ದಡಕ್ಕೆ ಹತ್ತಿಸಿ, ತುಸು ಸಡಿಲ, ತಪ್ಪಿ ನಡೆಯಲೂ ಒಂದಿಷ್ಟು ಜಾಗ ಎಂಬ ಅರ್ಥದಲ್ಲಿ ದಿನಬಳಕೆಗೆ ಇಟ್ಟುಕೊಂಡಿದ್ದಾರೆ.

ತಾತನ ಕಣ್ಣಿಗೆ ಈಗ ಮಂಜು ಕವಿದಿದೆ. ಮಗಳು ಆಫೀಸು ಬಿಟ್ಟು ಚುಕ್ಕಾಣಿಗೆ ಬಂದಿದ್ದಾರೆ. ಬರುವ ವಾರ ಲಾಂಚು ನಡೆಸುವ ಪರವಾನಗಿಯ ಪರೀಕ್ಷೆ. ಪಾಸಾಗದಿದ್ದರೆ ಲಾಂಚು ನಿಲ್ಲುತ್ತದೆ. ಆದರೆ ಮಗಳ ಕೈಮೇಲೆ ಸದಾ ಅಪ್ಪನ ಕೈ.

"ಅಪ್ಪ, ಪರೀಕ್ಷೆ ದಿನಾನೂ ಹೀಗೇ ಹಿಡ್ಕೊಂಡಿರ್ತೀರಾ?"

ವಾಪಸು ಬರುವಾಗ ತಾತ ಚುಕ್ಕಾಣಿ ಬಿಟ್ಟು ದೂರ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ, ಎರಡೂ ಕೈ ತೊಡೆಯ ಕೆಳಗೆ. ನಡುನೀರಿನಲ್ಲಿ ಗಾಳಿ ಜೋರಾಗುತ್ತದೆ. ಮಗಳು ಬಿಟ್ಟ ದೂರ ಸಾಲುವುದಿಲ್ಲ ಎಂಬುದು ಅವರ ಕೆನ್ನೆಗೇ ತಿಳಿಯುತ್ತದೆ. ತುಟಿ ಕಚ್ಚುತ್ತಾರೆ, ಏಳುವುದಿಲ್ಲ. ಲಾಂಚು ಜೆಟ್ಟಿಯ ಪಕ್ಕದ ಕೆಸರಿಗೆ ಮೆಲ್ಲಗೆ ಮೂತಿ ಊರುತ್ತದೆ.

ಮಗಳ ಮುಖ ಸಣ್ಣದಾಗಿದೆ. ತಾತ ಎಲ್ಲರಿಗಿಂತ ಮೊದಲು ಚಪ್ಪಲಿ ಕೈಗೆತ್ತಿಕೊಂಡು ಕೆಸರಿಗಿಳಿಯುತ್ತಾರೆ.

"ಮುಂದಿನ ಟ್ರಿಪ್ಪೂ ನೀನೇ ಕಣಮ್ಮ."