ಪಕ್ಕದ ಮಂಚದ ಖೈರುನ್ನೀಸಾ

ಚಾಮರಾಜಪೇಟೆಯ ಗುರುಬಸಮ್ಮನವರು ಕಣ್ಣಿನ ಪೊರೆ ತೆಗೆಸಿಕೊಂಡದ್ದು ಐವತ್ತೆರಡನೇ ಇಸವಿಯಲ್ಲಿ. ಆಪರೇಷನ್ ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲ್ಲಾಡಿಸಕೂಡದೆಂದು ಮಲಗಿಸಿದ್ದರು. ಪಕ್ಕದ ಮಂಚದಲ್ಲೂ ಒಬ್ಬ ಹೆಂಗಸು ಹಾಗೆಯೇ ಮಲಗಿದ್ದಳು. ಆಕೆ ‘ಯಾ ಅಲ್ಲಾ’ ಎಂದು ನರಳಿದ್ದು ಕಿವಿಗೆ ಬಿದ್ದೊಡನೆ ಗುರುಬಸಮ್ಮನವರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿಯಿತು. ಪೇಟೆಯಲ್ಲೇ ಹುಟ್ಟಿ ಬೆಳೆದವರು, ಸಾಬರ ಅಂಗಡಿಗಳ ಮುಂದೆ ದಿನವೂ ಓಡಾಡಿದವರು. ಆದರೆ ಅವರಲ್ಲಿ ಒಬ್ಬರೊಡನೆಯೂ ಮಾತಾಡಿದವರಲ್ಲ. ಮಂಚ ಬದಲಾಯಿಸಿಕೊಡಮ್ಮ ಎಂದು ಆಯಾಳನ್ನು ಬೇಡಿಕೊಂಡರು. ಬೇರೆ ಮಂಚ ಖಾಲಿ ಇರಲಿಲ್ಲ.

ಕಣ್ಣು ಕಟ್ಟಿಸಿಕೊಂಡು ಮಾತೂ ಇಲ್ಲದೆ ಎಷ್ಟು ಹೊತ್ತು ಬಿದ್ದಿರಲಾದೀತು? ಕೊನೆಗೆ ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು.

“ಬೂಬಮ್ಮಾ, ನಿಮ್ಮೋರು ಮಾತೆತ್ತಿದ್ರೆ ಚಾಕು ತೆಗೀತಾರಂತೆ, ನಿಜಾನಾ?”

“ನಮ್ಮನೇಲಿ ಚಾಕು ಹಿಡಿಯೋಳು ನಾನೊಬ್ಳೇ ಅಮ್ಮಾ, ಈರುಳ್ಳಿ ಹೆಚ್ಚೋಕೆ. ನನ್ ಮಗ ರಕ್ತ ಕಂಡ್ರೆ ತಲೆ ತಿರುಗಿ ಬೀಳ್ತಾನೆ,” ಎಂದಳು ಖೈರುನ್ನೀಸಾ. “ನಾನೂ ಒಂದು ಕೇಳ್ಲಾ? ನಮ್ಮ ನೆರಳು ಬಿದ್ರೆ ನೀವು ಸ್ನಾನ ಮಾಡ್ತೀರಂತೆ?”

ಗುರುಬಸಮ್ಮ ಸುಳ್ಳಾಡುವವರಲ್ಲ. “ನೆರಳಿಗಲ್ಲ. ಮೈ ತಾಕಿದ್ರೆ ಮಾಡ್ತಿದ್ದೆ.”

“ಚಳಿಗಾಲದಲ್ಲೂ?”

“ಬಿಸಿನೀರಲ್ಲಿ.”

ಖೈರುನ್ನೀಸಾಳಿಗೆ ನಗು ತಡೆಯಲಾಗಲಿಲ್ಲ. ಗುರುಬಸಮ್ಮನವರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅವರಿಗೂ ನಗು ಬಂತು. “ಹೊಲಿಗೆ ಬಿಚ್ಕೊಂಡ್ರೆ ಗತಿ ಏನು!” ಎಂದು ನರ್ಸ್ ಗದರಿದಳು.

ಅಲ್ಲಿಂದ ಮಾತು ನಿಲ್ಲಲಿಲ್ಲ. ಇಬ್ಬರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಒಂದು ಮಧ್ಯಾಹ್ನ, ಪಟ್ಟಿ ಬಿಚ್ಚಿದ ಮೇಲೂ ಕಣ್ಣು ಕಾಣದಿದ್ದರೆ ಎಂದು ಗುರುಬಸಮ್ಮ ಬಿಕ್ಕಿದಾಗ, ಪಕ್ಕದಿಂದ ಒಂದು ಕೈ ತಡಕಾಡುತ್ತ ಬಂದು ಅವರ ಬೆರಳು ಹಿಡಿಯಿತು.

“ಅಳಬೇಡಿ ಅಮ್ಮಾ, ಪಟ್ಟಿ ನೆನೆಯುತ್ತೆ.”

ಅವರು ಕೈ ಬಿಡಿಸಿಕೊಳ್ಳಲಿಲ್ಲ.

ಇಬ್ಬರಿಗೂ ಕಣ್ಣು ಬಂತು. ತಿಂಗಳು ಕಳೆದು, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಗುರುಬಸಮ್ಮ ಕಲಾಸಿಪಾಳ್ಯದ ಅವಳ ಮನೆ ಹುಡುಕಿಕೊಂಡು ಹೋದರು. ಖೈರುನ್ನೀಸಾ ಗಡಿಬಿಡಿಯಿಂದ ಎಳನೀರು ತರಲು ಮಗನನ್ನು ಅಟ್ಟಿದಳು. ಮಡಿವಂತರು ಬೇರೇನು ಮುಟ್ಟಿಯಾರು?

“ಎಳನೀರು ಯಾಕೆ? ನೀನು ಕುಡಿಯೋ ಟೀನೇ ಕೊಡು, ಖೈರುನ್ನೀಸಾ.”

ಲೋಟವನ್ನು ಎರಡು ಸಲ ತುಟಿಯವರೆಗೆ ತಂದು ಇಳಿಸಿದರು. ಅರವತ್ತು ವರ್ಷದ ಅಭ್ಯಾಸ ಒಂದೇ ಗುಟುಕಿಗೆ ಹೋಗುವಂಥದ್ದಲ್ಲ. ಆದರೂ ಪೂರ್ತಿ ಕುಡಿದರು. “ಸಕ್ಕರೆ ಜಾಸ್ತಿ ಆಯ್ತು ಕಣೇ,” ಎಂದರು.

ಮನೆಗೆ ಬಂದು ಸೊಸೆ ಶೈಲಜಮ್ಮನಿಗೆ ಏನನ್ನೂ ಮುಚ್ಚಿಡದೆ ಹೇಳಿದರು. ಸೊಸೆ ಮುಖ ಗಂಟಿಕ್ಕಿದಳು.

“ಬರೋ ಸೋಮವಾರ ಅವಳು ಇಲ್ಲಿಗೆ ಬರ್ತಾಳೆ. ನಡುಮನೇಲೇ ಕೂರಿಸ್ತೀನಿ,” ಎಂದರು ಗುರುಬಸಮ್ಮ.

ಖೈರುನ್ನೀಸಾ ಬಂದಳು. ಆಮೇಲೂ ಬರುತ್ತಲೇ ಇದ್ದಳು.