ನಾನು ಸಿಕ್ಕಿಸಿದ ಕೇಬಲ್

ನನ್ನ ತಂಗಿ ಒಂದು ಪ್ರಶ್ನೆ ಕೇಳಿದಾಗ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತಿದ್ದ ವಿಷಯಕ್ಕೆ ಅವಳು ಮೂರು ವಾರ ತಲೆ ಕೆಡಿಸಿಕೊಂಡಳು. ಆ ಮೂರು ವಾರವೂ ನಾನು ಅದೇ ಮನೆಯಲ್ಲಿ ಅವಳ ಎದುರಿಗೇ ಕೂತು ಉಣ್ಣುತ್ತಾ ಸುಮ್ಮನಿದ್ದೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಪೀಣ್ಯದ ಒಂದು ಶೆಡ್ಡಿನಲ್ಲಿ ಹೈಡ್ರಾಲಿಕ್ ಪ್ರೆಸ್ ನಡೆಸುತ್ತೇನೆ. ತಂಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಒಂದು ಗಾರ್ಮೆಂಟ್ಸ್‌ನ ಸ್ಟೋರಿನಲ್ಲಿ ಕೆಲಸಕ್ಕಿದ್ದಾಳೆ. ಚಿಕ್ಕಬಾಣಾವರದಲ್ಲಿ ನಮ್ಮ ಬಾಡಿಗೆ ಮನೆ. ಮೇಲಿನ ಮಹಡಿಯಲ್ಲಿ ಓನರ್ ಸಾರ್ ಮತ್ತು ಅವರ ಹೆಂಡತಿ. ಸಾರ್ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಂಟರ್ನೆಟ್ ಅವರದು. ಒಳ್ಳೆಯ ಮನಸ್ಸಿನಿಂದ ನಮಗೂ ಕೆಳಗೆ ಒಂದು ವೈರ್ ಇಳಿಸಿಕೊಟ್ಟಿದ್ದರು.

ತಂಗಿಯ ಗಾರ್ಮೆಂಟ್ಸ್‌ನಲ್ಲಿ ಒಂದು ಸುದ್ದಿ ಹಬ್ಬಿತ್ತು. ಸ್ಟೋರಿಗೆ ಇಬ್ಬರು ಬೇಕು, ಟೈಪಿಂಗ್ ಬಂದರೆ ಹೊಲಿಗೆ ಲೈನಿನಿಂದಲೇ ತೆಗೆದುಕೊಳ್ಳುತ್ತಾರೆ ಎಂದು. ದಿನವಿಡೀ ಬೆನ್ನು ಬಗ್ಗಿಸಿ ಹೊಲಿಯುವ ಐದು ಜನ ಹೆಂಗಸರು ಇವಳ ಹಿಂದೆ ಬಿದ್ದರು. ಹೆಚ್ಚಿನವರು ರಾಯಚೂರು ಕಡೆಯವರು. ಭಾನುವಾರ ಭಾನುವಾರ ಕಲಿಸುತ್ತೇನೆ ಎಂದು ಇವಳು ಮಾತು ಕೊಟ್ಟುಬಿಟ್ಟಳು. ಕಂಪ್ಯೂಟರ್ ಎಲ್ಲಿವೆ ಎಂದು ನಾನು ಕೇಳಿದೆ. ಒಂದು ಆಫೀಸಿನವರು ಹಳೆಯ ಕಂಪ್ಯೂಟರ್ ಬಿಸಾಕುತ್ತಿದ್ದಾರೆ, ತರೋಣ ಬಾ ಎಂದಳು. ಐದು ತಂದೆವು. ಒಂದರ ಮುಚ್ಚಳವನ್ನು ನಾನೇ ಬಿಚ್ಚಿ ನೋಡಿದೆ. ಲೆಕ್ಕಪತ್ರ ಯಾರ ಕೈಗೂ ಸಿಗಬಾರದೆಂದು ಆಫೀಸಿನವರು ಡಿಸ್ಕ್‌ಗಳನ್ನು ಕಿತ್ತುಕೊಂಡಿದ್ದರು. ಡಿಸ್ಕ್ ಇರಬೇಕಾದ ಕಡೆ ನಾಲ್ಕು ಸ್ಕ್ರೂ ತೂತು, ಒಂದಿಷ್ಟು ಧೂಳು. ಒಂದು ಕಂಪ್ಯೂಟರಿಗೆ ಗೊತ್ತಿರುವುದೆಲ್ಲ ಆ ಡಿಸ್ಕಿನಲ್ಲೇ ಇರುತ್ತದೆ ಎಂಬಷ್ಟು ನನಗೂ ಗೊತ್ತಿತ್ತು. ಇವು ಗುಜರಿಗೇ ಸರಿ ಅಂದುಕೊಂಡೆ.

ತಂಗಿ ಅವಳ ಸ್ವಂತ ಕಂಪ್ಯೂಟರ್ ಒಂದನ್ನು ಮಧ್ಯೆ ಇಟ್ಟು, ಮೇಲಿನಿಂದ ಬಂದ ವೈರನ್ನು ಹತ್ತು ತೂತಿನ ಒಂದು ಸಣ್ಣ ಡಬ್ಬಿಗೆ ಸಿಕ್ಕಿಸಿ, ಅದರಿಂದ ಎಲ್ಲಕ್ಕೂ ಕೇಬಲ್ ಎಳೆದಳು. ಐದೂ ಈ ಒಂದರಿಂದಲೇ ಏಳುತ್ತವೆ ಎಂದಳು.

ಮೊದಲ ಸಲ ತಪ್ಪಿದ್ದು ಅವಳೇ. ನೆಟ್‌ವರ್ಕಿಗೆ ಸೇರುವ ಪ್ರತಿ ಫೋನಿಗೂ ಕಂಪ್ಯೂಟರಿಗೂ ಒಂದು ನಂಬರ್ ಬೇಕಂತೆ. ಅದನ್ನು ಹಂಚುವ ಕೆಲಸವನ್ನು ಓನರ್ ಮನೆಯ ವೈಫೈ ಡಬ್ಬಿ ಮೊದಲಿನಿಂದಲೂ ಮಾಡುತ್ತಿತ್ತು. ಅದು ಇರುವಾಗಲೇ ಇವಳ ಕಂಪ್ಯೂಟರೂ ನಂಬರ್ ಹಂಚಲು ಶುರುಮಾಡಿತು. ಮೇಲಿನವರ ಫೋನುಗಳು ಇವಳ ಕಂಪ್ಯೂಟರಿನಿಂದ ನಂಬರ್ ಇಸಿದುಕೊಂಡು, ಹೊರಗೆ ಹೋಗುವ ದಾರಿ ಸಿಗದೆ ನಿಂತವು. ಓನರ್ ಸಾರ್ ಹೆಂಡತಿ ಫೋನಿನಲ್ಲಿ ದೇವರನಾಮದ ಪಾಠ ಹೇಳಿಕೊಡುತ್ತಿದ್ದರು. ಹಾಡು ಚರಣದ ನಡುವೆಯೇ ನಿಂತಿತು. ತಂಗಿ ಆ ಕ್ಷಣವೇ ಮೇಲೆ ಓಡಿಹೋಗಿ, ತಪ್ಪು ನನ್ನದೇ ಆಂಟಿ ಎಂದು ಹೇಳಿ ಬಂದಳು. ಅಷ್ಟು ಸಲೀಸಾಗಿ ಅವಳು ಅದನ್ನು ಹೇಗೆ ಹೇಳಿದಳೋ, ನನಗೆ ಆಶ್ಚರ್ಯವಾಗಿತ್ತು.

ಎರಡು ದಿನ ಓದಿ ದಾರಿ ಕಂಡುಕೊಂಡಳು. ನನಗೂ ಬಿಡಿಸಿ ಹೇಳಿದಳು.

"ನಂಬರ್ ಕೊಡೋದು ಅವರ ಡಬ್ಬಿ ಕೆಲಸ ಅಣ್ಣ, ಅದಕ್ಕೆ ನಾವು ಕೈ ಹಾಕೋದೇ ಬೇಡ. ಇವು ಎದ್ದ ತಕ್ಷಣ ನಾನ್ಯಾರು, ಏನ್ಮಾಡ್ಲಿ ಅಂತ ಇಡೀ ಮನೆಗೆ ಕೇಳೋ ಹಾಗೆ ಕೂಗ್ತವೆ. ನಿನ್ನ ನಂಬರ್ ಇಂಥದ್ದು ಅಂತ ಮೇಲಿನ ಡಬ್ಬಿ ಹೇಳುತ್ತೆ. ನಿನಗೆ ಬೇಕಾದ್ದು ನನ್ ಹತ್ರ ಇದೆ, ಬಂದು ತಗೋ ಅಂತ ನಮ್ಮದು ಹೇಳುತ್ತೆ. ಅಷ್ಟೇ."

ಅಷ್ಟೇ ಎಂದಳು. ನಾನು ಅವಳ ಕುರ್ಚಿಯ ಹಿಂದೆ ನಿಂತು ನೋಡಿದೆ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಒಂದಷ್ಟು ಚುಕ್ಕಿಗಳು ಸಾಲಾಗಿ ಓಡಿದವು. ಆಮೇಲೆ ತೆರೆ ತುಂಬ ನೀಲಿ ಬಣ್ಣ ಹರಡಿತು. ಒಳಗೆ ಏನೂ ಇಲ್ಲವೆಂದು ನಾನೇ ಕಣ್ಣಾರೆ ಕಂಡಿದ್ದ ಪೆಟ್ಟಿಗೆ ಅದು. ಶೆಡ್ಡಿನಲ್ಲಿ ಎಣ್ಣೆಯ ಒತ್ತಡವಿಲ್ಲದೆ ಪ್ರೆಸ್ ಒಂದಿಂಚು ಇಳಿಯುವುದಿಲ್ಲ. ಬಲ ಎಲ್ಲಿಂದ ಬಂತು ಎಂದು ಪೈಪು ಹಿಡಿದು ತೋರಿಸಬಲ್ಲೆ. ಇಲ್ಲಿ ಐದು ಪೆಟ್ಟಿಗೆಗಳು ಕೂಗಿದ್ದವು, ಕತ್ತಲಲ್ಲಿ ಅಮ್ಮನನ್ನು ಕೂಗುವ ಮಕ್ಕಳ ಹಾಗೆ. ಯಾವುದಕ್ಕೂ ಉತ್ತರ ತಪ್ಪಲಿಲ್ಲ. ನನಗೆ ಮೈ ಜುಮ್ಮೆಂದಿತು. ಇದನ್ನು ಮಾಡಿದ್ದು ನಾನು ಎತ್ತಿ ಆಡಿಸಿದ ತಂಗಿ ಎನ್ನುವುದು ಅದಕ್ಕಿಂತ ದೊಡ್ಡ ವಿಸ್ಮಯವಾಗಿತ್ತು.

ಎರಡು ಭಾನುವಾರ ಪಾಠ ಚೆನ್ನಾಗಿ ನಡೆಯಿತು. ಮೂರನೆಯ ಭಾನುವಾರ ಬೆಳಿಗ್ಗೆ ತಂಗಿ ಹೆಂಗಸರನ್ನು ಕರೆತರಲು ಸ್ಟೇಷನ್ ಕಡೆ ಹೋದಳು. ನಾನು ಹಾಲ್ ಗುಡಿಸುತ್ತಿದ್ದೆ. ತೂತಿನ ಡಬ್ಬಿಯಿಂದ ಬಂದ ಒಂದು ಕೇಬಲ್ಲಿನ ಇನ್ನೊಂದು ತುದಿ ಯಾವುದಕ್ಕೂ ಸೇರದೆ ನೆಲದ ಮೇಲೆ ಬಿದ್ದಿತ್ತು. ನಮ್ಮ ಶೆಡ್ಡಿನಲ್ಲಿ ಯಾವ ಪೈಪಿನ ಬಾಯಿಯನ್ನೂ ತೆರೆದು ಬಿಡುವಂತಿಲ್ಲ. ಕಬ್ಬಿಣದ ಪುಡಿ ಒಳಗೆ ಹೋದರೆ ಮಿಷನ್ನೇ ಹಾಳು. ಹದಿನೈದು ವರ್ಷದ ಅಭ್ಯಾಸ ಅದು, ಕೈ ತಾನಾಗಿ ಹೋಗುತ್ತದೆ. ಡಬ್ಬಿಯಲ್ಲೇ ಒಂದು ತೂತು ಖಾಲಿಯಿತ್ತು. ಆ ತುದಿಯನ್ನೂ ಅಲ್ಲಿಗೇ ಸಿಕ್ಕಿಸಿದೆ. ಟಕ್ ಎಂದು ಸರಿಯಾಗಿ ಕೂತಿತು. ಅಚ್ಚುಕಟ್ಟಾಯಿತು ಎಂದು ಪೊರಕೆ ಎತ್ತಿಕೊಂಡೆ.

ಹೆಂಗಸರು ಬಂದು ಕೂತರು. ಒಂದೂ ಏಳಲಿಲ್ಲ. ಮೇಲೆ ಹಾಡು ನಿಂತಿತು. ಓನರ್ ಸಾರ್ ಕೆಳಗಿಳಿದು ಬಂದರು. ತಂಗಿ ಮಧ್ಯದ ಕಂಪ್ಯೂಟರನ್ನು ಆಫ್ ಮಾಡಿದಳು. ಆದರೂ ನೆಟ್ ಬರಲಿಲ್ಲ. ಸಾರ್ ಮೇಲೆ ಹೋಗಿ ನಮ್ಮ ಮನೆಯ ವೈರ್ ಕಿತ್ತರು. ತಕ್ಷಣ ಬಂತು. ಐದು ಜನರ ಎದುರಿಗೆ, ಗೊತ್ತಿಲ್ಲದ ಕೆಲಸಕ್ಕೆ ಯಾಕಮ್ಮ ಕೈ ಹಾಕ್ತೀಯ ಎಂದರು. ತಪ್ಪು ಎಲ್ಲಿದೆ ಅಂತ ಗೊತ್ತಾಗುವವರೆಗೂ ಇವನ್ನು ಆನ್ ಮಾಡುವುದಿಲ್ಲ ಎಂದು ತಂಗಿ ತಾನಾಗಿಯೇ ಹೇಳಿದಳು.

ಅವಳು ಹೆಂಗಸರನ್ನು ಗೇಟಿನವರೆಗೆ ಬಿಡಲು ಹೋದಾಗ ನಾನು ಡಬ್ಬಿಯನ್ನು ನೋಡಿದೆ. ಸಾಮಾನ್ಯವಾಗಿ ಅದರ ದೀಪಗಳು ಒಂದೊಂದು ಒಂದೊಂದು ಹೊತ್ತಿಗೆ ಮಿಣುಕುತ್ತವೆ. ಈಗ ಎಲ್ಲವೂ ಒಟ್ಟಿಗೆ, ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತಿದ್ದವು. ನಾನು ಸಿಕ್ಕಿಸಿದ್ದ ತುದಿಯನ್ನು ಎಳೆದೆ. ದೀಪಗಳು ಶಾಂತವಾದವು. ಕಾರಣ ತಿಳಿಯಲಿಲ್ಲ, ಮಾಡಿದವನು ಯಾರು ಎನ್ನುವುದು ತಿಳಿಯಿತು.

ತಂಗಿ ಒಳಗೆ ಬಂದಳು. ನಮ್ಮ ಕಂಪ್ಯೂಟರ್ ಆರಿಸಿದ ಮೇಲೂ ನೆಟ್ ಯಾಕೆ ಬರಲಿಲ್ಲ ಎನ್ನುವುದೇ ಅವಳಿಗೆ ಬಗೆಹರಿದಿರಲಿಲ್ಲ.

"ಅಣ್ಣ, ನೀನೇನಾದ್ರೂ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ?"

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗುವವನ ಹಾಗೆ ಹೊರಟೆ. ಶೆಡ್ಡಿನಲ್ಲಿ ಹೊಸಬರಿಗೆ ಕೆಲಸ ಕಲಿಸುವವನು ನಾನು. ಓದಿದ ತಂಗಿಯ ಮುಂದೆ ಗುಡಿಸಲು ಹೋಗಿ ಕೆಡಿಸಿದವನಾಗುವುದು ನನಗೆ ಬೇಕಿರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ಮೂರು ವಾರ ಅವಳು ಕೆಲಸದಿಂದ ಬಂದವಳೇ ನೋಟ್ ಬುಕ್ ಹಿಡಿದು ಕೂರುತ್ತಿದ್ದಳು. ಓನರ್ ಮನೆಯ ವೈರ್ ಇಲ್ಲದೆ ಪರೀಕ್ಷೆ ಮಾಡಲು ಆಗುತ್ತಿರಲಿಲ್ಲ, ಓದುವುದೊಂದೇ ದಾರಿ. ಕಂಪ್ಯೂಟರಿನಲ್ಲಿ ತಾನು ಬರೆದಿದ್ದ ಒಂದೊಂದು ಸಾಲನ್ನೂ ಕೈಯಲ್ಲಿ ಬರೆದುಕೊಂಡು, ಸರಿ ಇದೆ ಎನಿಸಿದ್ದಕ್ಕೆ ಗುರುತು ಹಾಕುತ್ತಿದ್ದಳು. ಒಮ್ಮೆ ತೆರೆದು ನೋಡಿದೆ. ಪ್ರತಿ ಸಾಲಿನ ಮುಂದೆ ಮೂರು ಮೂರು ಗುರುತು. ತಪ್ಪೇ ಇಲ್ಲದ ಪುಟದಲ್ಲಿ ತಪ್ಪು ಹುಡುಕಲು ಅಷ್ಟು ತಾಳ್ಮೆ ಎಲ್ಲಿಂದ ಬರುತ್ತದೆ? ಬುಕ್ ಮುಚ್ಚಿ ಇದ್ದ ಜಾಗದಲ್ಲೇ ಇಟ್ಟೆ.

ಮೂರನೆಯ ಶನಿವಾರ ಸಂಜೆ ಅವಳು ಕೇಬಲ್‌ಗಳನ್ನು ಸುತ್ತಿಡುತ್ತಿದ್ದಳು. ಇನ್ನು ಬರಬೇಡಿ ಎಂದು ಹೆಂಗಸರಿಗೆ ನಾಳೆ ಹೇಳುತ್ತಾಳಂತೆ. ಸ್ಟೋರಿನ ಟೈಪಿಂಗ್ ಪರೀಕ್ಷೆಗೆ ಹತ್ತು ದಿನ ಉಳಿದಿತ್ತು.

"ನನಗೆ ಇದು ಬರಲ್ಲ ಅಣ್ಣ. ಬರುತ್ತೆ ಅಂದ್ಕೊಂಡಿದ್ದೆ."

ಅವಳ ಬಾಯಿಂದ ಆ ಮಾತು ಬಂದಾಗ ನನ್ನ ಬಾಯಿ ತೆರೆಯಿತು. ಗುಡಿಸಿದ್ದು, ಸಿಕ್ಕಿಸಿದ್ದು, ಆಮೇಲೆ ಕಿತ್ತದ್ದು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಯಾವ ತೂತು ಎಂದಷ್ಟೇ ಕೇಳಿ, ಡಬ್ಬಿಗೆ ಮತ್ತೆ ತನ್ನ ಕಂಪ್ಯೂಟರ್ ಸೇರಿಸಿ ಆನ್ ಮಾಡಿ, ತಾನೇ ಆ ಕೇಬಲ್ ಸಿಕ್ಕಿಸಿ ನೋಡಿದಳು. ದೀಪಗಳು ಬಡಿದುಕೊಂಡವು. ಎಳೆದಳು, ನಿಂತವು. ಇನ್ನೊಮ್ಮೆ ಮಾಡಿದಳು. ಅವಳ ಮುಖ ಬಿಚ್ಚಿಕೊಂಡಿತು. ಒಂದು ತೂತಿನಿಂದ ಹೊರಟ ಕೂಗು ಈ ಕೇಬಲ್ ಹಿಡಿದು ಅದೇ ಡಬ್ಬಿಗೆ ವಾಪಸ್ ಬರುತ್ತದಂತೆ, ಮತ್ತೆ ಹೊರಡುತ್ತದಂತೆ, ಕೊನೆಯೇ ಇಲ್ಲವಂತೆ. ಆ ಗದ್ದಲದಲ್ಲಿ ಬೇರೆ ಯಾರ ಮಾತೂ ಕೇಳುವುದಿಲ್ಲ. ಒಂದೇ ಕೂಗು ಎರಡು ಮಹಡಿಯ ಬಾಯಿ ಕಟ್ಟಿತ್ತು. ಕೇಳುತ್ತಾ ನಾನು ಅಷ್ಟು ಹೊತ್ತು ನಾಚಿಕೆಯನ್ನೇ ಮರೆತೆ.

ಇಬ್ಬರೂ ಮೇಲೆ ಹೋದೆವು. ಓನರ್ ಸಾರ್ ಎಲ್ಲ ಕೇಳಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ವೈರ್ ಹಾಕ್ತೀನಮ್ಮ. ನಿಮ್ಮಣ್ಣ ಗುಡಿಸೋದೊಂದು ಬಿಡ್ಲಿ."

ಭಾನುವಾರ ಹೆಂಗಸರು ಬಂದರು. ತಂಗಿ ಒಂದೊಂದನ್ನೇ ಒತ್ತಿದಳು. ಬಿಳಿ ಅಕ್ಷರ, ಚುಕ್ಕಿಗಳ ಸಾಲು, ನೀಲಿ. ಮೇಲೆ ಹಾಡು ನಡೆದೇ ಇತ್ತು. "ಐದೂ ಎದ್ದಾವ್ ನೋಡ್ರಿ ಅಕ್ಕಾರ" ಎಂದು ರಾಯಚೂರಿನ ಹೆಂಗಸೊಬ್ಬಳು ಬೆರಳು ಮಡಚಿ ಎಣಿಸಿದಳು. ನಾನು ಬಾಗಿಲ ಬಳಿ ನಿಂತಿದ್ದೆ. ತಂಗಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

"ಸಿಕ್ಕಿಸಿದ್ದು ಬಿಡು, ಗೊತ್ತಿರ್ಲಿಲ್ಲ. ನಾನು ಕೇಳಿದಾಗ ಯಾಕಣ್ಣ ಇಲ್ಲ ಅಂದೆ?"

ನಡೆದದ್ದೆಲ್ಲವನ್ನೂ ಹಿಂದಿನ ದಿನ ಹೇಳಿದ್ದೆ. ಇದೊಂದನ್ನು ಹಾರಿಸಿಬಿಟ್ಟಿದ್ದೆ. ಅವಳು ಬೈಸಿಕೊಂಡದ್ದು ಈ ಹೆಂಗಸರ ಎದುರಿಗೇ. ಹಾಗಾಗಿ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ.

"ನಿನ್ನ ಮುಂದೆ ಸಣ್ಣವನಾಗ್ತೀನಿ ಅಂತ ಹೆದರಿ ಸುಳ್ಳು ಹೇಳ್ದೆ ಕಣಮ್ಮ. ನಿನ್ನ ಕೆಲಸದಲ್ಲಿ ತಪ್ಪಿರ್ಲಿಲ್ಲ, ಅದು ಗೊತ್ತಿದ್ದೂ ನೀನು ಹುಡುಕೋದನ್ನ ನೋಡ್ತಾ ಕೂತಿದ್ದೆ. ನನ್ನಿಂದ ತಪ್ಪಾಯ್ತು. ಕ್ಷಮಿಸು."